ಉಪಶಮನ ಆರೈಕೆಗೆ ಹೊಸ ಕಟ್ಟಡ ಬೇಕಿಲ್ಲ

ಮಾನ್ಯರೇ,

ಗೌರವದಿಂದ ಸಾಯುವ ಹಕ್ಕಿನ ಕುರಿತ ಸುಪ್ರೀಂ ಕೋರ್ಟ್ ತೀರ್ಪನ್ನು ಜಾರಿಗೊಳಿಸಲು ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ವೆಂಟಿಲೇಟರ್ ತೆಗೆಯುವ ತೀರ್ಮಾನ ಯಾರದ್ದು, ಹೇಗೆ ಎಂಬುದು ಅದರಿಂದ ಸ್ಪಷ್ಟವಾಯಿತು, ಸಂತೋಷ. ಆದರೆ ಐಸಿಯು ಬಾಗಿಲನ್ನೇ ಕಾಣದೆ ಕ್ಯಾನ್ಸರ್ ನೋವಿನಲ್ಲಿ ಮನೆಯಲ್ಲೇ ನರಳುವವರ ಗತಿಯೇನು? ಅವರಿಗೆ ಬೇಕಿರುವುದು ಉಪಶಮನ ಆರೈಕೆ, ಅಂದರೆ ರೋಗ ಗುಣವಾಗದಿದ್ದರೂ ನೋವು, ನರಳಾಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್. ಹತ್ತು ಹಾಸಿಗೆಯ ವಾರ್ಡ್ ಕಟ್ಟಬೇಕಾದೀತು ಎಂದುಕೊಂಡು ಅನೇಕ ಆಸ್ಪತ್ರೆಗಳು ಅದರ ಗೊಡವೆಗೇ ಹೋಗುವುದಿಲ್ಲ.

ವಾರಕ್ಕೆರಡು ದಿನ ಒಪಿಡಿಯಲ್ಲಿ ಒಂದು ಕೊಠಡಿ, ತರಬೇತಾದ ವೈದ್ಯರು, ಇದಕ್ಕೇ ಮೀಸಲಾದ ಒಬ್ಬ ನರ್ಸ್ ಇದ್ದರೆ ಶುರು ಮಾಡಬಹುದು. ಆ ನರ್ಸನ್ನು ಬೇರೆ ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆಯಾದಾಗಲೆಲ್ಲ ಎಳೆದುಕೊಂಡರೆ ಕೆಲವೇ ತಿಂಗಳಲ್ಲಿ ಬೋರ್ಡು ಮಾತ್ರ ಉಳಿಯುತ್ತದೆ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಸಿಗುವುದೇ ಇಲ್ಲ ಎನ್ನುವುದು ಹಳೆಯ ಮಾತು. 2014ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಹಲವು ಪರವಾನಗಿಗಳಿಗೆ ಅಲೆಯಬೇಕಿಲ್ಲ. 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂದು ರಾಜ್ಯ ಔಷಧ ನಿಯಂತ್ರಕರು ಕೊಡುವ ಒಂದೇ ಪ್ರಮಾಣಪತ್ರ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳಿಗೆ ಸಾಕು. ಹೊಣೆ ಹೊರುವ ತರಬೇತಾದ ವೈದ್ಯರಿರಬೇಕು, ದಿನದಿನದ ಲೆಕ್ಕ ಬರೆಯಬೇಕು, ವರ್ಷಕ್ಕೆ ಎಷ್ಟು ಬೇಕೆಂಬ ಅಂದಾಜು ಕೊಡಬೇಕು. ಎಡವುವುದು ಎಲ್ಲಿ ಎಂದರೆ, ಆಸ್ಪತ್ರೆಯವರು ಒಬ್ಬ ವೈದ್ಯರ ಹೆಸರು ಕೊಟ್ಟು ಸುಮ್ಮನಾಗುತ್ತಾರೆ. ಅವರಿಗೆ ವರ್ಗವಾಯಿತೋ, ಮಾತ್ರೆಗಳು ಬೀಗದೊಳಗೇ ಅವಧಿ ಮೀರುತ್ತವೆ. ಮೊದಲೇ ಇಬ್ಬರಿಗೆ ತರಬೇತಿ ಕೊಡಿಸಿ, ಇಬ್ಬರ ಹೆಸರನ್ನೂ ಸೇರಿಸಬೇಕು.

ಇನ್ನು ವೈದ್ಯರು ಬರೆಯುವ ಔಷಧ ಚೀಟಿ. 'ನೋವಾದಾಗ ಒಂದು' ಎಂದು ಬರೆದರೆ ಕೆಟ್ಟಿತು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆಯದು. ನೋವು ಬರಲಿ ಎಂದು ಕಾಯದೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಸಾಮಾನ್ಯವಾಗಿ ಆರಂಭ 5 ಮಿ.ಗ್ರಾಂ, ಅಂದರೆ 10ರ ಮಾತ್ರೆಯಲ್ಲಿ ಅರ್ಧ. ನಡುವೆ ನೋವು ಎದ್ದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ ಹೆಚ್ಚುವರಿ. ಕಿಡ್ನಿ ಸೋತವರಲ್ಲಿ ಔಷಧ ಮೈಯಲ್ಲೇ ಉಳಿಯುವುದರಿಂದ ಪ್ರಮಾಣ ತಗ್ಗಿಸಿ ಅಂತರ ಹೆಚ್ಚಿಸಬೇಕು. ಮೊದಲ ದಿನದಿಂದಲೇ ಬಿಸಾಕೊಡಿಲ್‌ನಂಥ, ಮಲ ಸಲೀಸಾಗಿ ಹೋಗುವಂತೆ ಮಾಡುವ ಮಾತ್ರೆ ಜೊತೆಗಿರಲಿ. ಮಾರ್ಫಿನ್‌ನಿಂದ ಬರುವ ವಾಕರಿಕೆ ಕೆಲವು ದಿನಗಳಲ್ಲಿ ತಗ್ಗುತ್ತದೆ, ಮಲಬದ್ಧತೆ ತಗ್ಗುವುದಿಲ್ಲ. ಹೊಟ್ಟೆ ಕಟ್ಟಿತೆಂದು ಮನೆಯವರು ಮಾರ್ಫಿನನ್ನೇ ನಿಲ್ಲಿಸುತ್ತಾರೆ, ನೋವು ಮತ್ತೆ ಮೊದಲಿನಂತೆಯೇ. ಚಟ ಹತ್ತೀತೆಂಬ ಭಯ ವೈದ್ಯರಲ್ಲೇ ಇರುವಾಗ ಮನೆಯವರನ್ನು ದೂರಿ ಫಲವಿಲ್ಲ.

ಮನೆ ಭೇಟಿಯ ಚೀಲದಲ್ಲಿ ಡ್ರೆಸ್ಸಿಂಗ್ ಸೆಟ್, ಸಲೈನ್, ಕ್ಯಾತಿಟರ್, ಬಿಪಿ ಉಪಕರಣದ ಜೊತೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಮರೆಯಬಾರದು. ಪುಡಿ ಮಾಡಿ ಕೊಳೆತ ಹುಣ್ಣಿನ ಮೇಲೆ ಉದುರಿಸಿದರೆ ದುರ್ವಾಸನೆ ತಗ್ಗುತ್ತದೆ. ವಾಸನೆಗೆ ಹೆದರಿ ರೋಗಿಯನ್ನು ಹೊರಗಿನ ಕೋಣೆಗೆ ಹಾಕಿದವರು ಅವರನ್ನು ಮತ್ತೆ ಒಳಗೆ ಕರೆದುಕೊಳ್ಳಲು ಇಷ್ಟು ಅಗ್ಗದ ಮಾತ್ರೆ ಸಾಕಾಗುವುದುಂಟು.

ಇಷ್ಟಾದರೂ ಬೇರೆ ವಿಭಾಗದವರು ರೋಗಿಯನ್ನು ಕಳಿಸದಿದ್ದರೆ ಕೊಠಡಿ ಖಾಲಿ. 'ಇನ್ನೇನೂ ಮಾಡಲಾಗದು' ಎನ್ನುವ ಹಂತಕ್ಕೆ ಕಾಯಬಾರದು. ಬಿಪಿ ಬರೆಯುವ ಹಾಳೆಯಲ್ಲೇ ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಂಕ ಬರೆಯುವುದನ್ನು ಎಲ್ಲ ವಾರ್ಡಿಗೂ ಕಡ್ಡಾಯ ಮಾಡಿ, ಏಳು ದಾಟಿದವರನ್ನು ಅದೇ ದಿನ ಈ ವಿಭಾಗಕ್ಕೆ ತೋರಿಸುವ ನಿಯಮ ತರಬೇಕು.

ಯಾವ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ದಾಸ್ತಾನಿದೆ, ಎಲ್ಲಿ ಮುಗಿದಿದೆ ಎಂಬ ಪಟ್ಟಿಯನ್ನು ಆರೋಗ್ಯ ಇಲಾಖೆ ಪ್ರತಿ ತಿಂಗಳೂ ತನ್ನ ಜಾಲತಾಣದಲ್ಲಿ ಪ್ರಕಟಿಸಲಿ ಎಂದು ಕೋರುತ್ತೇವೆ.

– ಉಪಶಮನ ಆರೈಕೆಯ ಕೆಲವು ವೈದ್ಯರು ಮತ್ತು ನರ್ಸ್‌ಗಳು, ಬೆಂಗಳೂರು