ಇನ್ನು ನಮ್ಮ ಕಂಚಿಗೆ ಲ್ಯಾಕರ್ ಇಲ್ಲ, ಮೇಣ ಮಾತ್ರ

ನಮಸ್ಕಾರ,

ನಮ್ಮ ಅಮೂರ್ತ ಕಂಚಿನ ಶಿಲ್ಪಗಳನ್ನು ಕೊಂಡವರಿಗೂ, ಹೆಸರು ಬರೆಸಿ ಕಾಯುತ್ತಿರುವವರಿಗೂ ಒಂದು ವಿಷಯ ತಿಳಿಸಬೇಕಿದೆ. ಇನ್ನು ಮೇಲೆ ಯಾವ ಶಿಲ್ಪಕ್ಕೂ ಕೊನೆಗೆ ಲ್ಯಾಕರ್ (ಒಣಗಿ ಗಟ್ಟಿಯಾಗುವ ಪಾರದರ್ಶಕ ಲೇಪ) ಹೊಡೆಯುವುದಿಲ್ಲ. ಮೇಣ ಹಚ್ಚಿ ಕಳಿಸುತ್ತೇವೆ.

ನಮ್ಮ ಶಿಲ್ಪಗಳ ಮೈ ನುಣುಪಲ್ಲ, ಅಲ್ವಾ? ಎರಕಕ್ಕೆ ಮೊದಲು ಮಾಡುವ ಮೇಣದ ಮಾದರಿಯ ಮೇಲೆ ಬೆರಳು, ಚಾಕು, ಒರಟು ಬಟ್ಟೆ ಒತ್ತಿ ಮೂಡಿಸಿದ ಗೀರು, ತಗ್ಗು, ಸುಕ್ಕೆಲ್ಲ ಎರಕದಲ್ಲಿ ಹಾಗ್ಹಾಗೇ ಇಳಿಯುತ್ತವೆ, ಸಾವಿರ ಡಿಗ್ರಿ ದಾಟಿ ಕಾದ ಕಂಚು ಬೆರಳ ಗುರುತನ್ನೂ ಉಳಿಸಿಕೊಳ್ಳುತ್ತದೆ. ಆಮೇಲೆ ಗ್ಯಾಸ್ ಟಾರ್ಚಿನ ಉರಿ ಹಿಡಿದು ಮೈ ಕಾಯಿಸಿ ಬಣ್ಣ ಬರಿಸುತ್ತೇವೆ. ಫೆರಿಕ್ ನೈಟ್ರೇಟ್ (ಕಬ್ಬಿಣದ ಲವಣ) ಹಾಕಿದರೆ ಕೆಂಗಂದು, ಕ್ಯುಪ್ರಿಕ್ ನೈಟ್ರೇಟ್ (ತಾಮ್ರದ ಲವಣ) ಹಾಕಿದರೆ ಹಸಿರು. ಇಷ್ಟೆಲ್ಲ ಮಾಡಿ ಮೇಲೆ ಲ್ಯಾಕರ್ ಹೊಡೆದರೆ ಅದು ಸಣ್ಣ ಗೀರುಗಳಲ್ಲಿ ತುಂಬಿಕೊಂಡು, ಶಿಲ್ಪಕ್ಕೆ ಪ್ಲಾಸ್ಟಿಕ್ ಸುತ್ತಿದ ಹಾಗೆ ಕಾಣುತ್ತದೆ. ನಮಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ, ಆದರೂ ನಿಮಗೆ ಆರೈಕೆಯ ತಾಪತ್ರಯ ಕಡಿಮೆಯಾಗಲಿ ಎಂದು ಹೊಡೆಯುತ್ತಿದ್ದೆವು.

ನಿಜವಾದ ತೊಂದರೆ ಆಮೇಲೆ ಶುರುವಾಗುವುದು. ಅಂಚಿನಲ್ಲೆಲ್ಲೋ ಲ್ಯಾಕರ್ ಬಿರುಕು ಬಿಟ್ಟರೆ ತೇವ ಒಳಗೆ ಹೋಗಿ ಕಲೆ ಮೂಡುತ್ತದೆ. ನುಣುಪು ಮೈಯಾದರೆ ಒರೆಸಿ ತೆಗೆಯಬಹುದು. ತಗ್ಗುಗಳಲ್ಲಿ ಕೂತದ್ದು ಸುಲಭಕ್ಕೆ ಬಿಡುವುದಿಲ್ಲ, ಉಜ್ಜುತ್ತಾ ಹೋದರೆ ಬಣ್ಣವೂ ಹೋಗುತ್ತದೆ. ವಾಪಸು ಬಂದ ಒಂದು ಶಿಲ್ಪದ ಲ್ಯಾಕರ್, ಬಣ್ಣ ಪೂರ್ತಿ ಬಿಡಿಸಿ ಮತ್ತೆ ಬಣ್ಣ ಹಾಕಿದೆವು. ಚೆನ್ನಾಗೇ ಬಂತು, ಆದರೆ ಮೊದಲಿನ ಹಸಿರು ಮಾತ್ರ ಬರಲಿಲ್ಲ. ತಪ್ಪು ನಮ್ಮದೇ.

ಸಂಗ್ರಾಹಕರು ಕೇಳುವ ಪ್ರಶ್ನೆ ಗೊತ್ತು. ಒಂದೇ ಅಚ್ಚಿನಿಂದ ತೆಗೆಯುವ ಎಂಟು ಪ್ರತಿಗಳ ಆವೃತ್ತಿಯಲ್ಲಿ ಮೊದಲ ನಾಲ್ಕು ಲ್ಯಾಕರ್‌ನವು, ಇನ್ನುಳಿದವು ಮೇಣದವು ಆಗುತ್ತವಲ್ಲ? ಹೌದು. ಅಚ್ಚು ಅದೇ, ಕಂಚು ಅದೇ, ಒಟ್ಟು ಸಂಖ್ಯೆಯೂ ಅಷ್ಟೇ. ಯಾವುದಕ್ಕೆ ಏನು ಹಚ್ಚಿದೆ ಎಂದು ಪ್ರಮಾಣಪತ್ರದಲ್ಲಿ ಬರೆಯುತ್ತೇವೆ.

ಮೇಣಕ್ಕೆ ನಿಮ್ಮ ಕೈ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಮನೆಯೊಳಗಿದ್ದರೆ ವರ್ಷಕ್ಕೊಮ್ಮೆ ಸಾಕು, ಹೊರಗೆ ಇಟ್ಟಿದ್ದರೆ ಇನ್ನೂ ಜಾಸ್ತಿ. ಧೂಳನ್ನು ಮೆತ್ತನೆ ಬ್ರಷ್‌ನಿಂದ ಕೊಡವಿ, ಮೇಣವನ್ನು ತೀರಾ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಬ್ರಷ್‌ನಿಂದ ಉಜ್ಜಿ. ದಪ್ಪಗೆ ಹಚ್ಚಿದರೆ ತಗ್ಗುಗಳಲ್ಲಿ ಬೆಳ್ಳಗೆ ಕೂತುಬಿಡುತ್ತದೆ. ಹಿತ್ತಾಳೆ ಪಾಲಿಶ್, ಹುಳಿ ಪದಾರ್ಥ ಹತ್ತಿರವೂ ತರಬೇಡಿ, ಬಣ್ಣವೇ ಕಿತ್ತುಬರುತ್ತದೆ. ಪದೇ ಪದೇ ಮುಟ್ಟುವ ಉಬ್ಬುಗಳು ನಿಧಾನವಾಗಿ ಹೊಳೆಯತೊಡಗುತ್ತವೆ. ಅದು ಕೆಡುವುದಲ್ಲ, ನಮಗಂತೂ ಅದೇ ಇಷ್ಟ.

ಈಗಾಗಲೇ ಲ್ಯಾಕರ್ ಇರುವ ಶಿಲ್ಪ ನಿಮ್ಮಲ್ಲಿದ್ದು, ಆ ಲೇಪ ಗಟ್ಟಿಯಾಗಿದ್ದರೆ ಸುಮ್ನೆ ಬಿಡಿ. ಎದ್ದುಬರುತ್ತಿದ್ದರೆ ನೀವೇ ಕೆರೆಯಲು ಹೋಗದೆ, ಬೆಳಕಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಕಳಿಸಿ. ಬಿಡಿಸಿ ಮೇಣ ಹಚ್ಚಿಕೊಡುತ್ತೇವೆ, ಕೂಲಿ ತೆಗೆದುಕೊಳ್ಳುವುದಿಲ್ಲ. ಬಣ್ಣ ಸ್ವಲ್ಪ ಬದಲಾಗಬಹುದು, ಒಪ್ಪಿಗೆಯಿದ್ದರೆ ಮಾತ್ರ ಕೈ ಹಾಕುತ್ತೇವೆ.

ಹೊಸ ಶಿಲ್ಪಗಳ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಮೇಣ, ಎರಡು ಬ್ರಷ್ ಇರುತ್ತವೆ. ತಳದ ಪ್ಯಾಕಿಂಗ್ ಜೊತೆ ಎಸೆದುಬಿಡಬೇಡಿ.