ಅವ್ವನಿಗೆ, ಕತ್ತು ತಿರುಚಿದ ಹ್ಯಾಟೆಯ ಬಗ್ಗೆ

ವಾಗನಿಂಗನ್, ನೆದರ್ಲೆಂಡ್ಸ್

ಅವ್ವಾ, ನಿನ್ನ ಪಾದಗಳಿಗೆ ನಮಸ್ಕಾರ.

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ನಾಲ್ಕೇ ದಿನದಲ್ಲಿ ಹನ್ನೊಂದು ಕೋಳಿ ಹೋದವು, ಉಳಿದ ಕೆಂದು ಹ್ಯಾಟೆ ಕತ್ತು ತಿರುಚಿಕೊಂಡು ನಿಂತಲ್ಲೇ ಸುತ್ತುತ್ತಿದೆ ಅಂದೆ. ಪಶು ಡಾಕ್ಟರು ಹೇಳಿದ್ದು ಸರಿ, ಗಾಳಿ ಸೋಕಿದ್ದಲ್ಲ, ಕೊಕ್ಕರೆ ರೋಗ. ಮಿದುಳಿಗೆ ಏರಿದಾಗಲೇ ಕತ್ತು ಹಾಗಾಗೋದು.

"ಹನಿ ಹಾಕೋ ಔಷಧೀಲೂ ಅದೇ ರೋಗದ ಹುಳ ಇರುತ್ತಂತಲ್ಲ, ಮರಿಗೆ ಹತ್ತಲ್ವೇನೋ?" ಅಂತ ಕೇಳಿದೆಯಲ್ಲ, ನಾನಿಲ್ಲಿ ಓದುತ್ತಿರುವುದರ ತಿರುಳೇ ಅದು.

ಕೊಕ್ಕರೆ ರೋಗ ತರುವ ವೈರಸ್ಸಿನ ಮೈಮೇಲೆ ಎಫ್ ಅನ್ನುವ ಪ್ರೋಟೀನು ಇದೆ. ಅದು ಒಂದು ಕಡೆ ಸೀಳಿಕೊಂಡರೆ ಮಾತ್ರ ವೈರಸ್ಸು ಜೀವಕೋಶದೊಳಗೆ ನುಗ್ಗಬಲ್ಲದು. ಸೀಳಿಕೊಡುವುದು ಕೋಳಿಯದೇ ಕಿಣ್ವ. ನೀನು ಕೇಳಿದ ಹನಿ ಔಷಧಿ, ಅಂದರೆ ಲಸೋಟಾ ಲಸಿಕೆಯ ಸಾಧು ವೈರಸ್ಸಿಗೆ ಬೇಕಾದ ಕಿಣ್ವ ಉಸಿರಿನ ನಾಳ, ಕರುಳುಗಳಲ್ಲಷ್ಟೇ ಸಿಗುತ್ತದೆ. ಅದು ಅಲ್ಲಲ್ಲೇ ಬೆಳೆದು ಅಡಗುವಷ್ಟರಲ್ಲಿ ಮೈ ಅದರ ಗುರುತು ಹಿಡಿದಿರುತ್ತದೆ. ಕೊಲ್ಲುವ ವೈರಸ್ಸಿನಲ್ಲಿ ಆ ಸೀಳುವ ಜಾಗದ ಎರಡು ಮೂರು ಅಮೈನೋ ಆಮ್ಲಗಳು, ಅಂದರೆ ಪ್ರೋಟೀನು ಕಟ್ಟುವ ಇಟ್ಟಿಗೆಗಳು, ಬೇರೆ, ಅವ್ವಾ. ಆರ್ಜಿನೀನ್, ಲೈಸೀನ್ ಹೆಚ್ಚು; 117ನೇ ಸ್ಥಾನದಲ್ಲಿ ಲ್ಯೂಸೀನ್ ಇರಬೇಕಾದಲ್ಲಿ ಫಿನೈಲಲನೀನ್. ಆಗ ಮೈತುಂಬ ಇರುವ ಫ್ಯೂರಿನ್ ಕಿಣ್ವವೇ ಅದನ್ನು ಸೀಳಿಬಿಡುತ್ತದೆ. ಮಿದುಳಿನಲ್ಲೂ.

1999ರಲ್ಲಿ ಇದೇ ದೇಶದ ಲೆಲಿಸ್ಟಾಡ್‌ನ ವಿಜ್ಞಾನಿಗಳು ಲಸೋಟಾದ ಆ ಜಾಗವನ್ನಷ್ಟೇ ಬದಲಿಸಿದರು. ಒಂದು ದಿನದ ಮರಿಯ ಮಿದುಳಿಗೆ ಚುಚ್ಚಿ ಉಗ್ರತೆ ಅಳೆಯುವ ಸೂಚ್ಯಂಕ ಸೊನ್ನೆಯಿಂದ 1.28ಕ್ಕೆ ಏರಿತು. 0.7 ಮುಟ್ಟಿದರೇ ಉಗ್ರ ಅಂತ ಲೆಕ್ಕ. ಓದುವಾಗ ಆ ಮರಿಗಳನ್ನು ನೆನೆದು ಹೊಟ್ಟೆ ಸಂಕಟವಾಯಿತು. ಆದರೂ ಗರಿಷ್ಠವಾದ 2 ಮುಟ್ಟಲಿಲ್ಲ. ಜೀವಕೋಶಕ್ಕೆ ಅಂಟಿಕೊಳ್ಳುವ ಎಚ್‌ಎನ್ ಪ್ರೋಟೀನಿನ ಪಾಲೂ ಉಗ್ರತೆಯಲ್ಲಿ ಇದೆ ಅಂತ ಆಮೇಲೆ ಅವರೇ ತೋರಿಸಿದರು.

ಹಾಗಾಗಿ ಹನಿಗೆ ಹೆದರಬೇಡ. ಹೊಸ ಮರಿ ತಂದರೆ ಹುಟ್ಟಿದ ಏಳು ದಿನದೊಳಗೆ ಕಣ್ಣಿಗೆ ಒಂದು ಹನಿ ಲಸೋಟಾ ಹಾಕಿಸು. ಇದೇ ರೋಗದ ಇನ್ನೊಂದು ಲಸಿಕೆ, ಆರ್2ಬಿ ಚುಚ್ಚುಮದ್ದು ಮಾತ್ರ ಖಾರದ್ದು, ಮರಿಗೆ ಎಂಟು ವಾರ ತುಂಬಲಿ. ಯಾವುದೇ ಆದರೂ ಐಸ್ ಇಟ್ಟ ಡಬ್ಬಿಯಲ್ಲೇ ತರಿಸು, ಬಿಸಿಲು ತಾಗಿದರೆ ಕೆಡುತ್ತದೆ.

ಹ್ಯಾಟೆಯ ಕತ್ತು ನೆಟ್ಟಗಾಗುವುದು ಕಷ್ಟ. ಅದನ್ನು ಸಂತೆಗೆ ಕಳಿಸಬೇಡ, ಇನ್ನೊಬ್ಬರ ಹಟ್ಟಿಗೂ ಹತ್ತುತ್ತದೆ. ಸತ್ತವನ್ನು ಅಪ್ಪ ಸುಣ್ಣ ಹಾಕಿ ಆಳವಾಗಿ ಹೂತರಾ? ಫೋನ್ ಮಾಡಿದಾಗ ಹೇಳು.

ಇಂತಿ ನಿನ್ನ ಮಗ