ಕಾದಂಬರಿ ಅಚ್ಚಿಗೆ ಹೋಯಿತು, ಋಣ ನನ್ನಲ್ಲೇ ಉಳಿಯಿತು

ಅಂತೂ ಕಾದಂಬರಿ ಅಚ್ಚಿಗೆ ಹೋಯಿತು. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಜಿನ್ಹುವಾದಲ್ಲಿ ಚಿಂದಿ ಆಯುವ ಒಂದು ಸಂಸಾರ, ಅವರು ಬೀದಿಯಿಂದ ಎತ್ತಿ ತಂದು ಸಾಕಿದ ಹೆಣ್ಣುಮಕ್ಕಳು. 1972ರಿಂದ 1992ರವರೆಗಿನ ಕತೆ. ಅಲ್ಲಿನ ಭಾಷೆ ಬರದ ನನಗೆ ಇದು ಒಬ್ಬಳ ಕೈಲಿ ಆಗುವ ಕೆಲಸವೇ ಆಗಿರಲಿಲ್ಲ.

ಮೊದಲ ನಮಸ್ಕಾರ ಲೌ ಷಿಯಾವೋಯಿಂಗ್ ಅವರಿಗೆ. ಇದೇ ಜಿನ್ಹುವಾದಲ್ಲಿ ಕಸ ಆಯ್ದು ಬದುಕಿದವರು. 1972ರಲ್ಲಿ ಅವರಿಗೆ ಮೊದಲ ಮಗು ಸಿಕ್ಕಿತು. ಆಮೇಲೆ ಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ಉಳಿಸಿದರು. ಕೆಲವರನ್ನು ತಾವೇ ಸಾಕಿದರು, ಉಳಿದವರನ್ನು ನೆಂಟರಿಗೆ, ಪರಿಚಯದವರಿಗೆ ಒಪ್ಪಿಸಿದರು. 2012ರಲ್ಲಿ ಹೊರಜಗತ್ತಿಗೆ ಸುದ್ದಿ ತಿಳಿದಾಗ ಅವರಿಗೆ 88 ವರ್ಷ. ನನ್ನದು ಅವರ ಜೀವನಚರಿತ್ರೆ ಅಲ್ಲ. ಆದರೆ ಆ ಸುದ್ದಿ ಓದದಿದ್ದರೆ ನಾನು ಬರೆಯಲು ಕೂರುತ್ತಲೇ ಇರಲಿಲ್ಲ.

ಆಮೇಲೆ ಅಮ್ಮ. ಮೊದಲ ಅಧ್ಯಾಯ ಓದಿ ಹೇಳಿದಾಗ ಅಮ್ಮ ಅಳಲಿಲ್ಲ, ಹೊಗಳಲೂ ಇಲ್ಲ. “ಅದೆಲ್ಲಾ ಸರಿ ಕಣೇ, ಆ ಮಗೂಗೆ ಅಕ್ಕಿ ಎಲ್ಲಿಂದ ಬಂತು?” ಅಂದರು. ಇಡೀ ಕಾದಂಬರಿ ನಿಂತಿರುವುದು ಈ ಪ್ರಶ್ನೆಯ ಮೇಲೆ. ಆಗ ಅಲ್ಲಿ ಪೇಟೆಯವರಿಗೆ ದವಸ ಸಿಗುತ್ತಿದ್ದದ್ದು ಕೂಪನ್ ಮೇಲೆ. ಹುಕೋ, ಅಂದರೆ ಮನೆಮಂದಿಯ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಕೂಪನ್ ಇಲ್ಲ, ಮುಂದೆ ಶಾಲೆಗೆ ಸೇರಿಸುವುದೂ ಕಷ್ಟ. 1980ರ ನಂತರ ಒಂದೇ ಮಗುವಿನ ನಿಯಮ ಬಿಗಿಯಾಯಿತು. ಸಿಕ್ಕ ಮಗುವನ್ನೂ ಹೆತ್ತ ಮಗುವಿನ ಲೆಕ್ಕಕ್ಕೆ ಸೇರಿಸಿ ದಂಡ ಹಾಕಿದ್ದೂ ಉಂಟು. 1992ರಲ್ಲಿ ದತ್ತು ಕಾನೂನು ಬಂತು. ಬಿಟ್ಟುಹೋದ ಮಗು ಆರೋಗ್ಯವಾಗಿದ್ದರೆ, ಅದನ್ನು ದತ್ತು ಪಡೆಯುವವರಿಗೆ ಆಗ 35 ತುಂಬಿರಬೇಕಿತ್ತು, ಸ್ವಂತ ಮಕ್ಕಳಿರಬಾರದಿತ್ತು! ಆಗಲೇ ಮಗಳಿರುವ ಬಡವರು ಏನು ಮಾಡಬೇಕಿತ್ತು? ನನ್ನ ಕತೆಯ ತಾಯಿ ಗಂಜಿಗೆ ನೀರು ಜಾಸ್ತಿ ಹಾಕುತ್ತಾಳೆ. ಅವಳಿಗೆ ಬೇರೆ ದಾರಿ ನನಗೂ ಕಾಣಲಿಲ್ಲ.

ಚಿಕ್ಕಪೇಟೆಯಲ್ಲಿ ಆಟದ ಸಾಮಾನಿನ ವ್ಯಾಪಾರ ಮಾಡುವ ಗೆಳೆಯನಿಗೆ ದೊಡ್ಡ ಥ್ಯಾಂಕ್ಸ್. ಅವನು ಸರಕು ತರಲು ಹೋಗುವ ಯಿವು ಪೇಟೆ ಜಿನ್ಹುವಾ ಆಡಳಿತಕ್ಕೇ ಸೇರಿದ್ದು. ನನ್ನ ಪ್ರಶ್ನೆಗಳ ಚೀಟಿ ಜೇಬಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಅಲ್ಲಿನ ವಯಸ್ಸಾದ ವ್ಯಾಪಾರಿಗಳು ದುಭಾಷಿಯ ಮೂಲಕ ತಾಳ್ಮೆಯಿಂದ ಉತ್ತರಿಸಿದರು. ಬಿಟ್ಟುಹೋದ ಮಗುವಿನ ಬಟ್ಟೆಯಲ್ಲಿ ಹುಟ್ಟಿದ ದಿನ, ಗಳಿಗೆ ಬರೆದ ಕೆಂಪು ಕಾಗದ ಇಟ್ಟಿರುತ್ತಿದ್ದರು ಎಂದು ಹೇಳಿದ್ದು ಅವರೇ. ಜಿನ್ಹುವಾ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಗೆ ಹೆಸರುವಾಸಿ, ಅದನ್ನೂ ಸೇರಿಸು ಅಂತ ಗೆಳೆಯ ಹಟ ಹಿಡಿದ. ನನ್ನ ಕತೆಯ ಮನೆಯವರು ಅದನ್ನು ಅಂಗಡಿಯಲ್ಲಿ ನೇತುಹಾಕಿದ್ದು ನೋಡಿರಬಹುದು, ಅಷ್ಟೇ ಅಲ್ವಾ?

ಚೀನಾದಲ್ಲಿ ಹುಟ್ಟಿ, ಹೊರದೇಶದಲ್ಲಿ ದತ್ತು ಮಗಳಾಗಿ ಬೆಳೆದ ಒಬ್ಬರು ಕತೆಯ ಸಾರಾಂಶ ಓದಿದರು. ಹೆತ್ತವಳಿಗೂ ಒಂದು ಅಧ್ಯಾಯ ಕೊಡಿ ಎಂದು ಕೇಳಿದರು. ಏಳನೇ ಅಧ್ಯಾಯ ಅವರದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ.

ಮೊದಲ ಕೆಲವು ಪ್ರತಿಗಳು ಗೆಳೆಯನ ಪೆಟ್ಟಿಗೆಯಲ್ಲಿ ಯಿವುಗೆ ಹೋಗುತ್ತವೆ. ಆ ಹಿರಿಯರಿಗೆ ಕನ್ನಡ ಬರುವುದಿಲ್ಲ. ಆದರೂ ಪುಸ್ತಕ ಬೇಕೇ ಬೇಕಂತೆ.